4ಎಸ್ ಮೊದಲು ತುಂಬುವುದಾದರೆ, ಮೊದಲು ಖಾಲಿಯಾಗುವುದೂ ಅದೇ ಏಕೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪರಮಾಣುವಿನ ಒಳಗಿನ ಎಲೆಕ್ಟ್ರಾನ್‌ಗಳ ಬಗ್ಗೆಯೇ ಇದ್ದವು. ಪಿಯುಸಿ ಮಕ್ಕಳು ಕೇಳಿದ್ದಾರೆ, ಮೇಷ್ಟ್ರು ಕೇಳಿದ್ದಾರೆ, ಅಡಿಕೆ ತೋಟದಿಂದಲೂ ಒಂದು ಪತ್ರ ಬಂದಿದೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಹೊಸಬರಿಗೆ ಒಂದು ಮಾತು: ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರಬಹುದಾದ ಜಾಗಕ್ಕೆ ಆರ್ಬಿಟಲ್ ಎನ್ನುತ್ತಾರೆ; 1ಎಸ್, 2ಪಿ, 3ಡಿ, 4ಎಸ್ ಎಂಬುವು ಅಂಥ ಜಾಗಗಳ ಹೆಸರು.

ಪ್ರಶ್ನೆ: ಮೇಡಂ, 4ಎಸ್ ಆರ್ಬಿಟಲ್ ಮೊದಲು ತುಂಬುತ್ತದೆ, ಆಮೇಲೆ 3ಡಿ ಎಂದು ಕ್ಲಾಸಿನಲ್ಲಿ ಹೇಳಿದರು. 4ಎಸ್‌ನ ಶಕ್ತಿ ಕಡಿಮೆ, ಅದಕ್ಕೇ ಮೊದಲು ಎಂದರು. ಆದರೆ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳುವಾಗ ಮೊದಲು ಹೋಗುವುದು 4ಎಸ್‌ನಲ್ಲಿರುವ ಎರಡು. ಕಡಿಮೆ ಶಕ್ತಿಯದ್ದು ಗಟ್ಟಿಯಾಗಿ ಕೂತಿರಬೇಕಲ್ವಾ? ಕೇಳಿದರೆ ‘ಹಾಗೇ ನೆನಪಿಟ್ಟುಕೋ’ ಎಂದರು.
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಆ ಎರಡು ಮಾತನ್ನು ಪಕ್ಕ ಪಕ್ಕ ಇಟ್ಟರೆ ಹೊಂದುವುದಿಲ್ಲ. ನಿಂತು ಕೇಳಿದಿರಲ್ಲ, ತುಂಬಾ ಸಂತೋಷ.

ತೊಡಕು ಇರುವುದು ‘4ಎಸ್‌ನ ಶಕ್ತಿ ಕಡಿಮೆ’ ಎಂಬ ಮಾತಿನಲ್ಲಿ. ಯಾವ ಪರಮಾಣುವಿನಲ್ಲಿ ಕಡಿಮೆ? ಹೈಡ್ರೋಜನ್‌ನಲ್ಲಿ ನೋಡಿ. ಅಲ್ಲಿ 3ಎಸ್, 3ಪಿ, 3ಡಿ ಮೂರರ ಶಕ್ತಿಯೂ ಹೆಚ್ಚುಕಡಿಮೆ ಒಂದೇ, 4ಎಸ್ ಅವೆಲ್ಲಕ್ಕಿಂತ ಮೇಲೆ. ಹಾಗಾದರೆ ‘4ಎಸ್ ಕೆಳಗೆ, 3ಡಿ ಮೇಲೆ’ ಎನ್ನುವುದು ಎಲ್ಲ ಪರಮಾಣುಗಳಿಗೂ ಅನ್ವಯಿಸುವ ಮಾತಲ್ಲ. ಆರ್ಬಿಟಲ್‌ಗಳು ಮೊದಲೇ ಕಟ್ಟಿಟ್ಟ ಖಾಲಿ ಕೋಣೆಗಳಲ್ಲ. ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್ ಇವೆ, ಸುತ್ತ ಈಗಾಗಲೇ ಎಷ್ಟು ಎಲೆಕ್ಟ್ರಾನ್ ಇವೆ ಎನ್ನುವುದರ ಮೇಲೆ ಅವುಗಳ ಗಾತ್ರವೂ ಬದಲಾಗುತ್ತದೆ, ಶಕ್ತಿಯೂ ಬದಲಾಗುತ್ತದೆ. ಈ ಒಂದು ವಿಷಯ ಹಿಡಿದುಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ.

ಪೊಟ್ಯಾಸಿಯಂನಿಂದ ಶುರು ಮಾಡೋಣ. ಅದರಲ್ಲಿ 19 ಎಲೆಕ್ಟ್ರಾನ್. ಮೊದಲ 18 ಆರ್ಗಾನ್‌ನಲ್ಲಿ ಇದ್ದ ಹಾಗೆಯೇ ಒಳಗೆ ಕೂರುತ್ತವೆ. ಹತ್ತೊಂಬತ್ತನೆಯದು 3ಡಿಗೆ ಹೋಗಬೇಕೋ 4ಎಸ್‌ಗೋ? 4ಎಸ್ ದೊಡ್ಡದು, ಅದರ ಬಹುಪಾಲು ದೂರದಲ್ಲೇ ಹರಡಿದೆ. ಆದರೂ ಅದರ ಒಂದು ಸಣ್ಣ ಪಾಲು ನ್ಯೂಕ್ಲಿಯಸ್‌ನ ಪಕ್ಕದವರೆಗೂ ಹೋಗುತ್ತದೆ. ಅಲ್ಲಿ 19 ಪ್ರೋಟಾನ್‌ಗಳ ಸೆಳೆತ ಬಲವಾಗಿ ಸಿಗುತ್ತದೆ. 3ಡಿ ಹಾಗಲ್ಲ. ಅದು ನ್ಯೂಕ್ಲಿಯಸ್‌ನ ಹತ್ತಿರ ಸುಳಿಯುವುದೇ ಇಲ್ಲ ಎನ್ನಬಹುದು. ಒಳಗಿನ 18 ಎಲೆಕ್ಟ್ರಾನ್‌ಗಳು ಅಡ್ಡ ಇರುವುದರಿಂದ ಅದಕ್ಕೆ ಸಿಗುವ ಸೆಳೆತ ಒಂದು ಪ್ರೋಟಾನಿನಷ್ಟು ಮಾತ್ರ. ಹಾಗಾಗಿ ಪೊಟ್ಯಾಸಿಯಂನಲ್ಲಿ 4ಎಸ್ ಗೆಲ್ಲುತ್ತದೆ, ಅದೂ ದೊಡ್ಡ ಅಂತರದಲ್ಲಿ: 3ಡಿಗಿಂತ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ (ಪರಮಾಣುವಿನ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ) ಕೆಳಗೆ. ಕ್ಯಾಲ್ಸಿಯಂನಲ್ಲೂ 4ಎಸ್‌ದೇ ಗೆಲುವು. ಇಲ್ಲಿಯವರೆಗೆ ನಿಮ್ಮ ಪಾಠದಲ್ಲಿ ಹೇಳಿದ್ದು ಸರಿಯಾಗಿಯೇ ಇದೆ.

ಸ್ಕ್ಯಾಂಡಿಯಂಗೆ ಬಂದಾಗ ಕಥೆ ಬದಲಾಗುತ್ತದೆ. ಪ್ರೋಟಾನ್ ಈಗ 21. 3ಡಿ ಒಮ್ಮೆಲೇ ಒಳಗೆ ಸೆಳೆಯಲ್ಪಟ್ಟು ಚಿಕ್ಕದಾಗುತ್ತದೆ, ಅದರ ಶಕ್ತಿ 4ಎಸ್‌ಗಿಂತ ಕೆಳಗೆ ಇಳಿಯುತ್ತದೆ. ಇದು ಊಹೆಯಲ್ಲ, ಅದರ ಬೆಳಕನ್ನು ಬಿಡಿಸಿ ನೋಡಿ ತಿಳಿದದ್ದು. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸ್ಕ್ಯಾಂಡಿಯಂ ಅಯಾನು ತೆಗೆದುಕೊಳ್ಳಿ, ಅದರಲ್ಲಿ 18 ಉಳಿದಿವೆ. ಒಂದನ್ನು ವಾಪಸ್ ಕೊಟ್ಟರೆ ಅದು ಹೋಗುವುದು 3ಡಿಗೆ, 4ಎಸ್‌ಗೆ ಅಲ್ಲ! ಇನ್ನೊಂದು ಕೊಟ್ಟರೆ ಅದು 4ಎಸ್‌ಗೆ. ಮೂರನೆಯದೂ 4ಎಸ್‌ಗೆ. ಕೊನೆಗೆ ಸಿಗುವುದು 3ಡಿಯಲ್ಲಿ ಒಂದು, 4ಎಸ್‌ನಲ್ಲಿ ಎರಡು, ಪುಸ್ತಕದಲ್ಲಿ ಇರುವ ಹಾಗೆಯೇ. ಆದರೆ ತುಂಬಿದ ಕ್ರಮ ನೋಡಿದಿರಾ?

ಈಗ ನೀವು ಕೇಳಬಹುದು, 3ಡಿ ಕೆಳಗಿದ್ದರೆ ಮೂರೂ ಅಲ್ಲಿಗೇ ಹೋಗಬಾರದಿತ್ತಾ ಎಂದು. 3ಡಿ ಈಗ ಚಿಕ್ಕ ಜಾಗ. ಅಲ್ಲಿ ಎರಡು ಮೂರು ಎಲೆಕ್ಟ್ರಾನ್ ಸೇರಿದರೆ ಅವು ಒಂದನ್ನೊಂದು ಜೋರಾಗಿ ತಳ್ಳುತ್ತವೆ, ಆ ತಳ್ಳಾಟಕ್ಕೆ ಆಗುವ ಶಕ್ತಿಯ ಖರ್ಚು ದೊಡ್ಡದು. 4ಎಸ್ ವಿಶಾಲವಾಗಿದೆ, ಅಲ್ಲಿ ತಳ್ಳಾಟ ಕಮ್ಮಿ. ಒಂಟಿ ಎಲೆಕ್ಟ್ರಾನಿಗೆ 3ಡಿ ಲಾಭ. ಮೂರೂ ಸೇರಿದ ಪರಮಾಣುವಿಗೆ ಒಟ್ಟು ಲೆಕ್ಕದಲ್ಲಿ ‘ಒಂದು ಅಲ್ಲಿ, ಎರಡು ಇಲ್ಲಿ’ ಎನ್ನುವುದೇ ಲಾಭ. ಎಲೆಕ್ಟ್ರಾನ್‌ಗಳ ಜೋಡಣೆ ಅಂದರೆ ಇಡೀ ಪರಮಾಣುವಿನ ಶಕ್ತಿಯ ಲೆಕ್ಕ, ಒಂದೊಂದು ಆರ್ಬಿಟಲ್‌ನ ಲೆಕ್ಕ ಅಲ್ಲ.

ಈಗ ನಿಮ್ಮ ಕಬ್ಬಿಣ. 26 ಪ್ರೋಟಾನ್, 3ಡಿಯಲ್ಲಿ 6, 4ಎಸ್‌ನಲ್ಲಿ 2. ಇಲ್ಲಿ 3ಡಿ ಒಳಗಡೆ ಗಟ್ಟಿಯಾಗಿ ಹಿಡಿದುಕೊಂಡಿದೆ, 4ಎಸ್ ಹೊರಗೆ ಸಡಿಲವಾಗಿದೆ. ಎಲೆಕ್ಟ್ರಾನ್ ಕಿತ್ತರೆ ಸಡಿಲವಾದದ್ದೇ ಮೊದಲು ಬರುತ್ತದೆ. ನೀವು ಕೇಳಿದ ಪ್ರಶ್ನೆಯಲ್ಲಿ ನಿಜವಾಗಿ ಎರಡು ಪ್ರಶ್ನೆಗಳಿವೆ. ‘ತುಂಬುವ ಕ್ರಮ’ ಎಂದು ಕಲಿಸುವುದು ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಹೋಗುವ ಕ್ರಮ, ಅಲ್ಲಿ ಪ್ರತಿ ಹೆಜ್ಜೆಗೂ ನ್ಯೂಕ್ಲಿಯಸ್‌ಗೆ ಒಂದು ಪ್ರೋಟಾನ್ ಕೂಡ ಸೇರುತ್ತದೆ. ‘ಖಾಲಿಯಾಗುವ ಕ್ರಮ’ ಒಂದೇ ಧಾತುವಿನದ್ದು, ಅಲ್ಲಿ ನ್ಯೂಕ್ಲಿಯಸ್ ಬದಲಾಗುವುದಿಲ್ಲ. ಇವೆರಡೂ ಒಂದಕ್ಕೊಂದು ಉಲ್ಟಾ ಆಗಿರಬೇಕು ಎಂದು ಯಾವ ನಿಯಮವೂ ಇಲ್ಲ.

ಪಠ್ಯದಲ್ಲಿ ಓರೆ ಬಾಣಗಳನ್ನು ಎಳೆದ ಆ ಪ್ರಸಿದ್ಧ ಚಿತ್ರ ಇದೆಯಲ್ಲ, ಯಾವ ಆರ್ಬಿಟಲ್ ಆದ ಮೇಲೆ ಯಾವುದು ತುಂಬುತ್ತದೆ ಎಂದು ಹೇಳುವ ಎನ್ ಪ್ಲಸ್ ಎಲ್ ನಿಯಮದ್ದು, ಅದು ಕೆಲಸಕ್ಕೆ ಬರುತ್ತದೆ, ಬಿಡಬೇಡಿ. ಮಾಡೆಲುಂಗ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನ ಈ ನಿಯಮ, ಪ್ರಯೋಗದಿಂದ ಸಿಕ್ಕ ಜೋಡಣೆಗಳನ್ನು ನೋಡಿ ಅವುಗಳ ಸಾರ ಹಿಡಿದದ್ದು. ಪರಮಾಣುಗಳು ಆ ಚಿತ್ರ ನೋಡಿಕೊಂಡು ನಡೆಯುವುದಿಲ್ಲ. ಸುಮಾರು ಇಪ್ಪತ್ತು ಧಾತುಗಳು ಅದನ್ನು ಪಾಲಿಸುವುದೂ ಇಲ್ಲ. ಮುಂದಿನ ಪ್ರಶ್ನೆ ಅದೇ.

ಪ್ರಶ್ನೆ: ಕ್ರೋಮಿಯಂ ಮತ್ತು ತಾಮ್ರ ನಿಯಮ ಮುರಿಯುವುದು ‘ಅರ್ಧ ತುಂಬಿದ, ಪೂರ್ತಿ ತುಂಬಿದ ಡಿ ಉಪಕವಚ ಸ್ಥಿರ’ ಎಂಬ ಕಾರಣಕ್ಕೆ ಎಂದು ನಾನು ವರ್ಷಗಳಿಂದ ಪಾಠ ಮಾಡಿದ್ದೇನೆ. ಈ ವಿವರಣೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?
– ನಿವೃತ್ತ ವಿಜ್ಞಾನ ಶಿಕ್ಷಕರು, ಗದಗ

ಉತ್ತರ: ಅರ್ಧದಷ್ಟು ನಿಲ್ಲುತ್ತದೆ ಸರ್. ಡಿಯಲ್ಲಿ ಒಟ್ಟು ಹತ್ತು ಎಲೆಕ್ಟ್ರಾನಿಗೆ ಜಾಗ, ಅರ್ಧ ಅಂದರೆ ಐದು. ಕ್ರೋಮಿಯಂನಲ್ಲಿ 3ಡಿ 5, 4ಎಸ್ 1. ಆರೂ ಎಲೆಕ್ಟ್ರಾನ್‌ಗಳ ಸ್ಪಿನ್ (ಎರಡೇ ಸ್ಥಿತಿ ಇರುವ ಎಲೆಕ್ಟ್ರಾನಿನ ಒಂದು ಗುಣ, ಮುಂದೆ ಕೊಪ್ಪಳದ ಪ್ರಶ್ನೆಯಲ್ಲಿ ಬರುತ್ತದೆ) ಒಂದೇ ಕಡೆಗೆ. ಒಂದೇ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಒಂದರಿಂದೊಂದು ದೂರ ಉಳಿಯುತ್ತವೆ, ಹಾಗಾಗಿ ತಳ್ಳಾಟ ಕಡಿಮೆ. ನಿಯಮದ ಪ್ರಕಾರ ಇರಬೇಕಿದ್ದ 3ಡಿ 4, 4ಎಸ್ 2 ಜೋಡಣೆ ಇದಕ್ಕಿಂತ ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಇಲ್ಲಿಯವರೆಗೆ ನಿಮ್ಮ ವಿವರಣೆಗೆ ಬೆಂಬಲ ಇದೆ.

ಆದರೆ ಅದೇ ಗುಂಪಿನಲ್ಲಿ ಕೆಳಗೆ ಇಳಿಯಿರಿ. ಮಾಲಿಬ್ಡಿನಂ ಕ್ರೋಮಿಯಂ ದಾರಿಯಲ್ಲೇ ಹೋಗುತ್ತದೆ. ಅದರ ಕೆಳಗಿನ ಟಂಗ್‌ಸ್ಟನ್ ಹೋಗುವುದಿಲ್ಲ, ಅದು 5ಡಿ 4, 6ಎಸ್ 2 ಎಂದೇ ಕೂರುತ್ತದೆ. ಅರ್ಧ ತುಂಬುವುದೇ ಅಷ್ಟು ದೊಡ್ಡ ಲಾಭವಾಗಿದ್ದರೆ ಟಂಗ್‌ಸ್ಟನ್ ಏಕೆ ಬಿಟ್ಟಿತು? ನಿಯೋಬಿಯಂ ನೋಡಿ: 4ಡಿ 4, 5ಎಸ್ 1. ಅಲ್ಲಿ ಡಿ ಅರ್ಧವೂ ಅಲ್ಲ, ಪೂರ್ತಿಯೂ ಅಲ್ಲ, ಆದರೂ ನಿಯಮ ಮುರಿದಿದೆ. ಪಲ್ಲಾಡಿಯಂನಲ್ಲಂತೂ 5ಎಸ್ ಪೂರ್ತಿ ಖಾಲಿ, ಹತ್ತೂ 4ಡಿಯಲ್ಲಿ.

ಇವೆಲ್ಲ ಕೂದಲೆಳೆಯ ಅಂತರದ ಗೆಲುವು ಸೋಲುಗಳು. ಎಸ್‌ನಿಂದ ಡಿಗೆ ಒಂದು ಎಲೆಕ್ಟ್ರಾನ್ ಸರಿದರೆ ಒಂದು ಕಡೆ ಉಳಿತಾಯ, ಇನ್ನೊಂದು ಕಡೆ ಖರ್ಚು. ಟಂಗ್‌ಸ್ಟನ್‌ನಲ್ಲಿ ಆ ಎರಡು ಜೋಡಣೆಗಳ ನಡುವಿನ ವ್ಯತ್ಯಾಸ ಬರೀ 0.37 ಎಲೆಕ್ಟ್ರಾನ್ ವೋಲ್ಟ್. ಭಾರದ ಪರಮಾಣುಗಳಲ್ಲಿ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗಕ್ಕೆ ಹೋಲಿಸುವಷ್ಟು ವೇಗ ಪಡೆಯುವುದರಿಂದ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಪರಿಣಾಮವೂ ಸೇರಿಕೊಂಡು 6ಎಸ್ ಇನ್ನಷ್ಟು ಒಳಕ್ಕೆ ಬಿಗಿಯುತ್ತದೆ. ಟಂಗ್‌ಸ್ಟನ್ ತನ್ನ 6ಎಸ್ ಜೋಡಿಯನ್ನು ಬಿಟ್ಟುಕೊಡದಿರುವುದಕ್ಕೆ ಇದೂ ಒಂದು ಕಾರಣ. ಮಕ್ಕಳಿಗೆ ಇಷ್ಟೆಲ್ಲ ಹೇಳಬೇಕಿಲ್ಲ ಸರ್. ಆದರೆ ‘ಅರ್ಧ ತುಂಬಿದ್ದು ಸ್ಥಿರ’ ಎಂಬುದನ್ನು ಮಂತ್ರದ ಹಾಗೆ ಹೇಳಿಕೊಡುವ ಬದಲು ‘ತಳ್ಳಾಟ ಕಡಿಮೆಯಾಗುತ್ತದೆ’ ಎಂದು ಕಾರಣ ಹೇಳಿದರೆ ಮುಂದೆ ಅವರು ಮೇಲಿನ ತರಗತಿಗೆ ಹೋದಾಗ ಕಲಿತದ್ದನ್ನು ಅಳಿಸಿ ಬರೆಯುವ ಕಷ್ಟ ಇರುವುದಿಲ್ಲ.

ಪ್ರಶ್ನೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ಹರಳು ನೋಡುತ್ತಲೇ ಇರುತ್ತೇನೆ. ಅಷ್ಟು ನೀಲಿ ಎಲ್ಲಿಂದ ಬಂತು? ಕಾಯಿಸಿದರೆ ಬಿಳಿ ಆಗುತ್ತದೆ ಎಂದು ಮಗಳು ಕಾಲೇಜಿನಲ್ಲಿ ನೋಡಿ ಬಂದು ಹೇಳಿದಳು. ಇನ್ನೊಂದು, ದ್ರಾವಣಕ್ಕೆ ಕತ್ತಿ ಅದ್ದಿ ನೋಡುತ್ತೇವಲ್ಲ, ಅದು ಕೆಂಪಾಗುವುದು ಏಕೆ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಎಲ್ಲ ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ನಿಮ್ಮದು. ಪುಸ್ತಕದಲ್ಲಿ ಬಾಣ ಹಾಕಿ ಬರೆಯುವ ಡಿ ಆರ್ಬಿಟಲ್ ನಿಮ್ಮ ತೋಟದ ಡ್ರಮ್ಮಿನಲ್ಲಿ ಕಣ್ಣಿಗೇ ಕಾಣುತ್ತದೆ.

ಮೈಲುತುತ್ತ ಅಂದರೆ ನೀರು ಸೇರಿದ ತಾಮ್ರದ ಸಲ್ಫೇಟ್. ಅದರಲ್ಲಿ ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನಾಗಿ ಇರುತ್ತದೆ. ತಾಮ್ರದ ಪರಮಾಣುವಿನಲ್ಲಿ 3ಡಿ 10, 4ಎಸ್ 1. ಎರಡು ಹೋದ ಮೇಲೆ ಉಳಿಯುವುದು 3ಡಿಯಲ್ಲಿ 9. ಡಿ ಅಂದರೆ ಐದು ಆರ್ಬಿಟಲ್, ಒಂದರಲ್ಲಿ ಎರಡರಂತೆ ಹತ್ತು ಎಲೆಕ್ಟ್ರಾನಿಗೆ ಜಾಗ. ಅಂದರೆ ಒಂದು ಜಾಗ ಖಾಲಿ ಇದೆ. ಈ ಖಾಲಿ ಜಾಗವೇ ನೀಲಿಯ ಮೂಲ.

ತಾಮ್ರದ ಅಯಾನು ಒಂಟಿಯಾಗಿದ್ದರೆ ಐದೂ ಡಿ ಆರ್ಬಿಟಲ್‌ಗಳ ಶಕ್ತಿ ಒಂದೇ. ಆದರೆ ಹರಳಿನೊಳಗೆ ಅದು ಒಂಟಿಯಲ್ಲ. ನಾಲ್ಕು ನೀರಿನ ಅಣುಗಳು ಅದನ್ನು ಒಂದು ಚೌಕದಲ್ಲಿ ಸುತ್ತುವರಿದಿವೆ, ಮೇಲೆ ಕೆಳಗೆ ಸ್ವಲ್ಪ ದೂರದಲ್ಲಿ ಸಲ್ಫೇಟಿನ ಆಮ್ಲಜನಕಗಳಿವೆ. ಯಾವ ಡಿ ಆರ್ಬಿಟಲ್ ನೇರವಾಗಿ ನೀರಿನ ಆಮ್ಲಜನಕದ ಕಡೆಗೆ ಮುಖ ಮಾಡಿದೆಯೋ ಅದರಲ್ಲಿರುವ ಎಲೆಕ್ಟ್ರಾನಿಗೆ ತಳ್ಳಾಟ ಜಾಸ್ತಿ, ಅದರ ಶಕ್ತಿ ಮೇಲೇರುತ್ತದೆ. ಎರಡು ಆಮ್ಲಜನಕಗಳ ನಡುವಿನ ಸಂದಿಗೆ ಮುಖ ಮಾಡಿದ್ದು ಕೆಳಗೆ ಉಳಿಯುತ್ತದೆ. ಮೇಲಿನದರಲ್ಲಿ ಒಂದು ಜಾಗ ಖಾಲಿ. ಬಿಳಿ ಬೆಳಕು ಬಿದ್ದಾಗ ಕೆಳಗಿನ ಎಲೆಕ್ಟ್ರಾನ್ ಒಂದಿಷ್ಟು ಬೆಳಕನ್ನು ನುಂಗಿ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ಬೇಕಾದ ಶಕ್ತಿ ಕೆಂಪು ಬೆಳಕು ಮತ್ತು ಅದರಾಚೆಯ ಅವಗೆಂಪಿನ ಆಸುಪಾಸಿನಲ್ಲಿದೆ. ಕೆಂಪು ನುಂಗಿಹೋದ ಮೇಲೆ ಉಳಿದು ನಿಮ್ಮ ಕಣ್ಣಿಗೆ ಬರುವುದು ನೀಲಿ.

ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ. ಈಗ ತಾಮ್ರದ ಸುತ್ತ ಸಲ್ಫೇಟಿನ ಆಮ್ಲಜನಕಗಳು ಮಾತ್ರ, ಅವುಗಳ ಪ್ರಭಾವ ನೀರಿನಷ್ಟು ಬಲವಾಗಿಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಕಡಿಮೆಯಾಗುತ್ತದೆ, ನುಂಗುವ ಬೆಳಕು ಪೂರ್ತಿಯಾಗಿ ಅವಗೆಂಪಿನ ಕಡೆಗೆ ಸರಿಯುತ್ತದೆ. ಅದು ನಮ್ಮ ಕಣ್ಣಿಗೆ ಕಾಣದ ಬೆಳಕು, ಹಾಗಾಗಿ ಪುಡಿ ಬಿಳಿಯಾಗಿ ಕಾಣುತ್ತದೆ. ಒಂದೆರಡು ಹನಿ ನೀರು ಹಾಕಿದರೆ ಮತ್ತೆ ನೀಲಿ! ತಾಮ್ರ ಅದೇ, ಅದರ ಒಂಬತ್ತು ಎಲೆಕ್ಟ್ರಾನ್ ಅವೇ, ಸುತ್ತಲಿನವು ಬದಲಾದವು ಅಷ್ಟೇ. ಇದನ್ನು ಮನೆಯ ಪಾತ್ರೆಯಲ್ಲಿ, ಅಡುಗೆ ಒಲೆಯ ಮೇಲೆ ಖಂಡಿತ ಮಾಡಬೇಡಿ. ಮೈಲುತುತ್ತ ವಿಷ, ಕಾಲೇಜಿನ ಲ್ಯಾಬಿನಲ್ಲೇ ನೋಡಿದರೆ ಸಾಕು.

ಗದ್ದೆಗೆ ಹಾಕುವ ಜಿಂಕ್ ಸಲ್ಫೇಟ್ ನಿಮ್ಮಲ್ಲಿ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಅದರಲ್ಲೂ ನೀರಿದೆ, ಸಲ್ಫೇಟೂ ಇದೆ, ಆದರೂ ಬಣ್ಣ ಇಲ್ಲ. ಸತುವಿನ ಅಯಾನಿನಲ್ಲಿ 3ಡಿಯಲ್ಲಿ ಹತ್ತಕ್ಕೆ ಹತ್ತೂ ತುಂಬಿವೆ. ಜಿಗಿಯಲು ಖಾಲಿ ಜಾಗವೇ ಇಲ್ಲ. ಅನ್ನಭೇದಿ ತೆಳು ಹಸಿರು, ಅದು ಕಬ್ಬಿಣದ್ದು, ಅಲ್ಲಿ 3ಡಿಯಲ್ಲಿ 6 ಎಲೆಕ್ಟ್ರಾನ್.

ಇನ್ನು ಕತ್ತಿಯ ವಿಷಯ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ಲೆಕ್ಕ ಹಾಕುತ್ತೀರಿ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಕರಗದ ನೀಲಿ ಕೆಸರಾಗಿ ಕೂರುತ್ತದೆ. ಸುಣ್ಣ ಹಳೆಯದಾಗಿ ಸತ್ವ ಕಡಿಮೆಯಾಗಿದ್ದರೆ ತಾಮ್ರದ ಅಯಾನುಗಳು ನೀರಿನಲ್ಲೇ ಬಿಡಿಯಾಗಿ ಉಳಿಯುತ್ತವೆ. ಅಲ್ಲಿಗೆ ಕಬ್ಬಿಣದ ಕತ್ತಿ ಅದ್ದಿದಾಗ ಕಬ್ಬಿಣ ತನ್ನ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ಬಿಡಿ ಪರಮಾಣುವಿನ ಲೆಕ್ಕದಲ್ಲಿ ಹೇಳಿದರೆ ಹೋದದ್ದು 4ಎಸ್‌ನ ಎರಡು, ಉಳಿದದ್ದು 3ಡಿಯ 6. ಹಾವೇರಿಯ ವಿದ್ಯಾರ್ಥಿನಿ ಕೇಳಿದ್ದು ಇದೇ ಎರಡು ಎಲೆಕ್ಟ್ರಾನ್‌ಗಳ ಬಗ್ಗೆ. ಅವುಗಳನ್ನು ತಾಮ್ರದ ಅಯಾನು ತೆಗೆದುಕೊಂಡು ಮತ್ತೆ ಲೋಹವಾಗಿ ಕತ್ತಿಯ ಮೇಲೆ ಕೆಂಪಗೆ ಕೂರುತ್ತದೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು, ಇಲ್ಲವಾದರೆ ಬಿಡಿ ತಾಮ್ರ ಗೊನೆಯನ್ನೂ ಎಲೆಯನ್ನೂ ಸುಡುತ್ತದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ, ಅಲ್ಲಿ ಇಡೀ ಡ್ರಮ್ಮೇ ಕತ್ತಿಯ ಕೆಲಸ ಮಾಡುತ್ತದೆ.

ತಾಮ್ರದ ಲೋಹ ಕೆಂಪಗಿರುವುದಕ್ಕೂ 3ಡಿಯೇ ಕಾರಣ: ನೀಲಿ ಹಸಿರು ಬೆಳಕು ನುಂಗಿ ಅಲ್ಲಿನ ಎಲೆಕ್ಟ್ರಾನ್‌ಗಳು ಮೇಲಕ್ಕೆ ಹೋಗುತ್ತವೆ. ಬೆಳ್ಳಿಯಲ್ಲಿ ಇದೇ ಜಿಗಿತಕ್ಕೆ ನೇರಳಾತೀತ ಬೆಳಕು ಬೇಕು, ಹಾಗಾಗಿ ಬೆಳ್ಳಿ ಬಿಳಿ. ಚಿನ್ನದಲ್ಲಿ, ಟಂಗ್‌ಸ್ಟನ್‌ಗೆ ಹೇಳಿದ ಅದೇ ಸಾಪೇಕ್ಷತೆಯ ಬಿಗಿತದಿಂದಾಗಿ, ಜಿಗಿತ ಮತ್ತೆ ನೀಲಿ ಬೆಳಕಿನ ಹತ್ತಿರಕ್ಕೆ ಇಳಿಯುತ್ತದೆ. ನೀಲಿ ಕಳೆದ ಬೆಳಕು ಹಳದಿ.

ಪ್ರಶ್ನೆ: ಒಂದು ಆರ್ಬಿಟಲ್‌ನಲ್ಲಿ ಎರಡೇ ಎಲೆಕ್ಟ್ರಾನ್ ಏಕೆ? ಮೂರು ಏಕಿಲ್ಲ?
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣ ಇದೆ, ಅದಕ್ಕೆ ಎರಡೇ ಸ್ಥಿತಿ. ಹೆಸರು ಸ್ಪಿನ್ ಆದರೂ ಅದು ನಿಜವಾಗಿ ಸುತ್ತುತ್ತಿರುವ ಚೆಂಡಲ್ಲ, ಅದರ ಜೊತೆಗೆ ಹುಟ್ಟಿದ ಗುಣ.

ಇದಕ್ಕೆ ಸಾಕ್ಷಿ ಮೊದಲು ಸಿಕ್ಕದ್ದು 1922ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಓಟೊ ಸ್ಟರ್ನ್, ವಾಲ್ಟರ್ ಗೆರ್ಲಾಕ್ ಇಬ್ಬರೂ ಬೆಳ್ಳಿಯನ್ನು ಕಾಯಿಸಿ ಅದರ ಪರಮಾಣುಗಳ ತೆಳುವಾದ ಧಾರೆಯನ್ನು ಒಂದು ವಿಶೇಷ ಅಯಸ್ಕಾಂತದ ನಡುವೆ ಹಾಯಿಸಿ ಗಾಜಿನ ತಟ್ಟೆಯ ಮೇಲೆ ಬೀಳಿಸಿದರು. ಬೆಳ್ಳಿಗೆ 47 ಎಲೆಕ್ಟ್ರಾನ್, ಅದರಲ್ಲಿ 46 ಜೋಡಿಯಾಗಿ ಹೋದರೆ 5ಎಸ್‌ನಲ್ಲಿ ಒಂದೇ ಒಂದು ಒಂಟಿ. ತಟ್ಟೆ ಹೊರಗೆ ತೆಗೆದಾಗ ಬೆಳ್ಳಿಯ ಗುರುತೇ ಕಾಣಲಿಲ್ಲವಂತೆ, ಅಷ್ಟು ತೆಳು ಪದರ. ಸ್ಟರ್ನ್ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆ ಗೆರೆ ನಿಧಾನಕ್ಕೆ ಕಪ್ಪಾಗಿ ಮೂಡತೊಡಗಿತು. ಅವರು ಸೇದುತ್ತಿದ್ದ ಅಗ್ಗದ ಸಿಗಾರಿನಲ್ಲಿ ಗಂಧಕ ಜಾಸ್ತಿ ಇದ್ದು, ಉಸಿರಿನ ಗಂಧಕ ತಾಗಿ ಬೆಳ್ಳಿ ಕಪ್ಪು ಸಲ್ಫೈಡ್ ಆಗಿತ್ತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೊನೆಗೆ ಕಂಡದ್ದು ಒಂದು ಧಾರೆ ಎರಡಾಗಿ ಸೀಳಿದ ಗುರುತು. ಮೂರಲ್ಲ, ಹರಡಿದ ಪಟ್ಟಿಯೂ ಅಲ್ಲ, ಎರಡು. ಗೆರ್ಲಾಕ್ ಅದರ ಫೋಟೊವನ್ನು ಅಂಚೆ ಕಾರ್ಡಿಗೆ ಅಂಟಿಸಿ ನೀಲ್ಸ್ ಬೋರ್‌ಗೆ ಕಳಿಸಿದರು. ಆ ಎರಡರ ಹಿಂದೆ ಇರುವುದು ಎಲೆಕ್ಟ್ರಾನಿನ ಸ್ಪಿನ್ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಸ್ಪಿನ್ನಿನ ಕಲ್ಪನೆ ಬಂದದ್ದು 1925ರಲ್ಲಿ, ಊಲನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅವರಿಂದ.

ಅದೇ ವರ್ಷ ವೋಲ್ಫ್‌ಗ್ಯಾಂಗ್ ಪೌಲಿ ತಮ್ಮ ನಿಯಮ ಹೇಳಿದರು: ಎರಡು ಎಲೆಕ್ಟ್ರಾನ್‌ಗಳು ಎಲ್ಲ ವಿಧದಲ್ಲೂ ಒಂದೇ ಸ್ಥಿತಿಯಲ್ಲಿ ಇರಲಾರವು. ಆರ್ಬಿಟಲ್ ಒಂದೇ ಆದರೆ ಸ್ಪಿನ್ ಬೇರೆಯಾಗಬೇಕು, ಸ್ಪಿನ್ನಿಗೆ ಇರುವುದು ಎರಡೇ ಸ್ಥಿತಿ, ಹಾಗಾಗಿ ಮೂರನೆಯದಕ್ಕೆ ಜಾಗ ಇಲ್ಲ. ಈ ನಿಯಮ ಇಲ್ಲದಿದ್ದರೆ ಎಲ್ಲ ಪರಮಾಣುಗಳ ಎಲ್ಲ ಎಲೆಕ್ಟ್ರಾನ್‌ಗಳೂ 1ಎಸ್‌ಗೆ ಬಂದು ಬೀಳುತ್ತಿದ್ದವು. ಸೋಡಿಯಂ, ನಿಯಾನ್, ಕಬ್ಬಿಣ ಎಂಬ ಬೇರೆ ಬೇರೆ ಗುಣಗಳೇ ಇರುತ್ತಿರಲಿಲ್ಲ. ನಾವು ಕೂತಿರುವ ಕುರ್ಚಿ ತನ್ನೊಳಗೇ ಕುಸಿಯದೆ ಗಟ್ಟಿಯಾಗಿ ನಿಂತಿರುವುದಕ್ಕೂ ಈ ನಿಯಮವೇ ಬೇಕು ಎಂದು 1967ರಲ್ಲಿ ಡೈಸನ್ ಮತ್ತು ಲೆನಾರ್ಡ್ ಗಣಿತದಿಂದ ಸಾಧಿಸಿ ತೋರಿಸಿದರು.

ಜಾಗ ಇದೆ ಅಂದ ಮಾತ್ರಕ್ಕೆ ಎರಡು ಎಲೆಕ್ಟ್ರಾನ್‌ಗಳು ಖುಷಿಯಿಂದ ಜೋಡಿಯಾಗುತ್ತವೆ ಅಂತಲೂ ಅಲ್ಲ. ಸಾರಜನಕದ ಮೂರು 2ಪಿ ಎಲೆಕ್ಟ್ರಾನ್‌ಗಳು ಮೂರು ಬೇರೆ ಬೇರೆ ಆರ್ಬಿಟಲ್‌ಗಳಲ್ಲಿವೆ, ಒಂದನ್ನು ಕೀಳಲು 14.5 ಎಲೆಕ್ಟ್ರಾನ್ ವೋಲ್ಟ್ ಬೇಕು. ಮುಂದಿನದು ಆಮ್ಲಜನಕ, ಅಲ್ಲಿ ಪ್ರೋಟಾನ್ ಒಂದು ಜಾಸ್ತಿ, ಕೀಳುವುದು ಇನ್ನೂ ಕಷ್ಟ ಆಗಬೇಕಿತ್ತು. ಆದರೆ ಬೇಕಾದದ್ದು 13.6 ಮಾತ್ರ. ನಾಲ್ಕನೆಯದು ವಿಧಿಯಿಲ್ಲದೆ ಇನ್ನೊಂದರ ಜೊತೆ ಒಂದೇ ಆರ್ಬಿಟಲ್‌ನಲ್ಲಿ ಸೇರಿದೆ, ಅಲ್ಲಿನ ತಳ್ಳಾಟ ಅದನ್ನು ಸಡಿಲ ಮಾಡಿದೆ.

ಪ್ರಶ್ನೆ: ಪಿ ಆರ್ಬಿಟಲ್ ಡಂಬೆಲ್ ಆಕಾರ, ನಟ್ಟನಡುವೆ ಎಲೆಕ್ಟ್ರಾನ್ ಇರುವ ಸಾಧ್ಯತೆ ಸೊನ್ನೆ. ಹಾಗಾದರೆ ಅದು ಈ ಕಡೆಯಿಂದ ಆ ಕಡೆಗೆ ದಾಟುವುದು ಹೇಗೆ?
– ಬಿಎಸ್ಸಿ ವಿದ್ಯಾರ್ಥಿ, ಮೈಸೂರು

ಉತ್ತರ: ದಾಟುವುದಿಲ್ಲ. ದಾಟುವುದಕ್ಕೆ ಅದು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಇರುವ ಗೋಲಿಯಾಗಿರಬೇಕು. 2ಪಿ ಎಂಬುದು ಎರಡೂ ಕಡೆ ಒಟ್ಟಿಗೇ ಇರುವ ಒಂದೇ ಅಲೆ. ತಂಬೂರಿಯ ತಂತಿಯನ್ನು ಸರಿಯಾಗಿ ನಡುವೆ ಬೆರಳು ತಾಗಿಸಿ ಮೀಟಿ ನೋಡಿ, ಮೇಲಿನ ಷಡ್ಜ ಕೇಳುತ್ತದೆ. ನಡುವಿನ ಬಿಂದು ಅಲುಗುವುದಿಲ್ಲ, ಎರಡು ಅರ್ಧಗಳೂ ಒಂದು ಮೇಲೆ ಒಂದು ಕೆಳಗೆ ಎಂದು ಕಂಪಿಸುತ್ತವೆ. ನಾದ ನಡುವನ್ನು ಹೇಗೆ ದಾಟಿತು ಎಂದು ನಾವು ಕೇಳುವುದಿಲ್ಲ, ಅಲ್ವಾ? ಹೋಲಿಕೆ ಇಲ್ಲಿಗೇ ಸಾಕು, ಏಕೆಂದರೆ ತಂತಿಯ ಅಲೆ ಕಣ್ಣಿಗೆ ಕಾಣುತ್ತದೆ, ಎಲೆಕ್ಟ್ರಾನಿನ ಅಲೆ ಕಾಣುವುದಿಲ್ಲ. ಆ ಅಲೆಯ ವರ್ಗ ತೆಗೆದುಕೊಂಡರೆ ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ಗೊತ್ತಾಗುತ್ತದೆ ಎಂದವರು ಮ್ಯಾಕ್ಸ್ ಬೋರ್ನ್, 1926ರಲ್ಲಿ. ಶ್ರೋಡಿಂಗರ್ ಈ ಅಲೆಗಳ ಸಮೀಕರಣ ಬರೆದ ವರ್ಷವೇ.

ಇನ್ನೊಂದು ಮಾತು. ಪುಸ್ತಕದಲ್ಲಿ ಬಿಡಿಸುವ ಡಂಬೆಲ್‌ಗೆ ನಿಜವಾಗಿ ಅಂಚಿಲ್ಲ. ಎಲೆಕ್ಟ್ರಾನ್ ಸಿಗುವ ಸಾಧ್ಯತೆಯ ಶೇಕಡಾ 90ರಷ್ಟು ಒಳಗೆ ಬರುವ ಹಾಗೆ ಎಳೆದ ಗೆರೆ ಅದು. ಮೂರು ದಿಕ್ಕಿನ ಮೂರು ಪಿ ಆರ್ಬಿಟಲ್‌ಗಳಲ್ಲೂ ಒಂದೊಂದು ಎಲೆಕ್ಟ್ರಾನ್ ಇದ್ದು ಮೂರನ್ನೂ ಕೂಡಿಸಿದರೆ ಉಂಡುಂಡೆಯಾದ ಗೋಳ ಬರುತ್ತದೆ, ಎಲ್ಲೂ ಉಬ್ಬು ತಗ್ಗು ಇಲ್ಲ. ಒಂಟಿ ಸಾರಜನಕ ಪರಮಾಣು ಗುಂಡಗೇ ಇದೆ. ಆರು ಕೊಂಬು ಚಾಚಿದ ಹೂವಿನ ಹಾಗೆ ಬಿಡಿಸಿದ ಚಿತ್ರಗಳನ್ನು ನೋಡಿ ಜನ ಬೇರೆಯೇ ಕಲ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ: ಇದನ್ನೆಲ್ಲ ಯಾರಾದರೂ ನೋಡಿದ್ದಾರಾ, ಇಲ್ಲ ಸುಮ್ನೆ ಲೆಕ್ಕವಾ?
– ಪೋಷಕರು, ಬೆಂಗಳೂರು

ಉತ್ತರ: ಅಳತೆ ಮಾಡಿದ್ದಾರೆ. ನಿಯಾನ್ ಅನಿಲಕ್ಕೆ ಎಕ್ಸ್‌ರೇ ಹಾಯಿಸಿ, ಚಿಮ್ಮಿ ಬರುವ ಎಲೆಕ್ಟ್ರಾನ್‌ಗಳ ವೇಗ ಅಳೆದರೆ ಅವು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದವು ಎಂದು ತಿಳಿಯುತ್ತದೆ. ನಿಯಾನ್‌ನ ಹತ್ತು ಎಲೆಕ್ಟ್ರಾನ್‌ಗಳು ಹತ್ತು ತರಹದ ಶಕ್ತಿ ತೋರಿಸುವುದಿಲ್ಲ. ಮುಖ್ಯವಾಗಿ ಮೂರೇ ಕಡೆ ಶಿಖರಗಳು ಕಾಣುತ್ತವೆ: ಸುಮಾರು 870, 48 ಮತ್ತು 21.6 ಎಲೆಕ್ಟ್ರಾನ್ ವೋಲ್ಟ್. 1ಎಸ್, 2ಎಸ್, 2ಪಿ. ಈ ವಿಧಾನವನ್ನು ಬೆಳೆಸಿದ ಸ್ವೀಡನ್‌ನ ಕಾಯ್ ಸೀಗ್‌ಬಾನ್‌ಗೆ 1981ರಲ್ಲಿ ನೊಬೆಲ್ ಬಂತು.

2013ರಲ್ಲಿ ನೆದರ್ಲೆಂಡ್ಸ್‌ನ ಒಂದು ಪ್ರಯೋಗಶಾಲೆಯಲ್ಲಿ ಹೈಡ್ರೋಜನ್ ಪರಮಾಣುಗಳನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ಲೇಸರ್ ಹಾಯಿಸಿ, ಹೊರಬಂದ ಎಲೆಕ್ಟ್ರಾನ್‌ಗಳು ಪರದೆಯ ಮೇಲೆ ಬಿದ್ದ ಜಾಗ ಗುರುತು ಮಾಡಿದರು. ಒಂದೊಂದು ಎಲೆಕ್ಟ್ರಾನ್ ಒಂದೊಂದು ಚುಕ್ಕೆ. ಬಹಳಷ್ಟು ಚುಕ್ಕೆ ಸೇರಿದಾಗ ಬೆಳಕಿನ ಬಳೆಗಳೂ ನಡುವೆ ಕತ್ತಲಿನ ಬಳೆಗಳೂ ಮೂಡಿದವು. ಮೈಸೂರಿನ ವಿದ್ಯಾರ್ಥಿ ಕೇಳಿದ ‘ಸಾಧ್ಯತೆ ಸೊನ್ನೆ’ ಜಾಗಗಳು ಆ ಕತ್ತಲಿನವು. ಹೈಡ್ರೋಜನ್‌ನಲ್ಲಿ ಒಂದೇ ಎಲೆಕ್ಟ್ರಾನ್ ಇರುವುದರಿಂದ ಇದು ಇಷ್ಟು ನೇರ. ಬೇರೆ ಪರಮಾಣುಗಳಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ಒಂದರ ಮೇಲೊಂದು ಪ್ರಭಾವ ಬೀರುತ್ತಿರುತ್ತವೆ, ಆರ್ಬಿಟಲ್ ಎಂಬುದು ಅಲ್ಲಿ ಬಹಳ ಒಳ್ಳೆಯ ಅಂದಾಜು, ಅಷ್ಟೇ.

ಪ್ರಶ್ನೆ: ಪರೀಕ್ಷೆಯಲ್ಲಿ ಕಬ್ಬಿಣಕ್ಕೆ 4ಎಸ್ ಮೊದಲು ಬರೆಯಬೇಕಾ, 3ಡಿ ಮೊದಲು ಬರೆಯಬೇಕಾ?
– ಹೆಸರು, ಊರು ಬರೆದಿಲ್ಲ

ಉತ್ತರ: ಎರಡೂ ಒಂದೇ ಜೋಡಣೆ, ಹೇಗೆ ಬರೆದರೂ ಸರಿ. ನನ್ನ ಸಲಹೆ ಕೇಳಿದರೆ ಆರ್ಗಾನ್ ಆದ ಮೇಲೆ 3ಡಿ 6, 4ಎಸ್ 2 ಎಂದು ಬರೆಯಿರಿ. ಹೊರಗಿನದು ಕೊನೆಯಲ್ಲಿ ಬರುತ್ತದೆ, ಅಯಾನು ಕೇಳಿದಾಗ ಕೊನೆಯಿಂದ ತೆಗೆದರಾಯಿತು: ಎರಡು ತೆಗೆದರೆ 3ಡಿ 6, ಮೂರು ತೆಗೆದರೆ 3ಡಿ 5. 4ಎಸ್ ಮೊದಲು ಬರೆದು ಕೊನೆಯ 3ಡಿಯಿಂದ ಕಳೆಯಲು ಹೋಗಿ ಅಂಕ ಕಳೆದುಕೊಳ್ಳುವವರು ತುಂಬಾ ಜನ.